ಮೊದಲ ವರ್ಷದ ಮುಯ್ಯಿ

ಕವರಿನ ಮೂಲೆಗೆ ಅಂಟಿಸಿದ ಒಂದು ರೂಪಾಯಿ ನಾಣ್ಯ ಬಿಸಿಲಿಗೆ ಫಳಕ್ಕೆಂದಿತು, ಯಾರ ಕೈಯಲ್ಲಿ ಅದು, ಹಳದಿ ಸೀರೆ, ಮಾಯಮ್ಮನ ದೊಡ್ಡಮ್ಮನ ಮಗಳಲ್ಲವೆ, ನುಗ್ಗೇಹಳ್ಳಿಯವಳು, ಎರಡು ಬಸ್ಸು ಬದಲಾಯಿಸಿ ಬಂದಿದ್ದಾಳೆ ಪಾಪ, ಬಾರವ್ವ ಚೆನ್ನಾಗಿದ್ದೀಯಾ ಎಂದು ಬಾಯಿ ಕೇಳುತ್ತಿದ್ದರೆ ಕಣ್ಣು ಮಾತ್ರ ಅವಳ ಕೈಯ ಕವರಿನ ಮೇಲೆ, ತೆಳ್ಳಗಿದೆ, ಐನೂರಿರಬಹುದು, ಹೆಚ್ಚೆಂದರೆ ಸಾವಿರ — ಛೇ, ಬಂದವರ ಮುಖಕ್ಕಿಂತ ಮೊದಲು ಕವರಿನ ದಪ್ಪ ನೋಡುವ ಈ ಕಣ್ಣು ತನಗೆ ಯಾವಾಗ ಬಂತು, ತಮ್ಮಯ್ಯನಿಗೆ ತನ್ನ ಮೇಲೇ ಅಸಹ್ಯವಾಯಿತು, ಮೊದ್ಲು ಊಟ ಮಾಡವ್ವ, ಮಾಯಾ, ನಿಮ್ಮಕ್ಕ ಬಂದವ್ಳೆ ನೋಡು ಎಂದು ಹೆಂಡತಿಯನ್ನು ಕೂಗಿ ಮತ್ತೆ ಗೇಟಿನ ಕಡೆ ತಿರುಗಿದ. ಗೇಟು ಕಿರ್ರೆಂದು ತಾನಾಗಿ ಮುಚ್ಚಿಕೊಂಡಿತು. ವೆಲ್ಡಿಂಗಿನವನು ಎರಡು ಬಾಗಿಲನ್ನೂ ಓರೆಯಾಗಿ ಕೂರಿಸಿಬಿಟ್ಟಿದ್ದ, ಹಿಡಿದುಕೊಂಡರೆ ತೆರೆದಿರುತ್ತದೆ, ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತದೆ, ಸರಿ ಮಾಡಿಸಬೇಕು, ಮಾಡಿಸಬೇಕು ಎನ್ನುವುದರಲ್ಲೇ ವರ್ಷಗಳು ಹೋದವು, ಗೇಟಿನ ಎರಡು ಕಂಬದ ತಲೆಯ ಮೇಲೂ ಕಪ್ಪು ಕಲ್ಲಿನ ಚಪ್ಪಡಿ, ಅಡಿಗೆ ಕಟ್ಟೆಗೆ ಹಾಕಿ ಉಳಿದಿದ್ದ ತುಂಡುಗಳು, ಬಿಸಾಕೋದ್ಯಾಕೆ ತಮ್ಮಯ್ಯಣ್ಣ, ಕಂಬದ ಮೇಲೆ ಕೂರುಸ್ತೀನಿ, ಲಕ್ಷಣವಾಗಿರ್ತದೆ ಅಂದಿದ್ದ ಗಾರೆಯವನು, ಪಕ್ಕದಲ್ಲಿ ಹೊಂಗೆ ಮರ, ದಿನವಿಡೀ ಅದರ ನೆರಳು ಗೇಟಿನ ಮೇಲೆ, ಇವತ್ತು ಆ ನೆರಳಲ್ಲಿ ಸಾಲಾಗಿ ಬೈಕುಗಳು, ಬೈಕುಗಳ ಆಚೆ ರಸ್ತೆ, ರಸ್ತೆಯಲ್ಲಿ ಬಿಳಿ ಕಾರು ಇನ್ನೂ ಕಾಣುತ್ತಿಲ್ಲ. ಬರುತ್ತಾನೆ ಕಾಂತರಾಜು. ಬರುತ್ತೇನೆ ಅಂದ ಮೇಲೆ ಬರುತ್ತಾನೆ, ಆ ಮನೆಯವರು ಮಾತು ತಪ್ಪುವವರಲ್ಲ, ಹಳೇಕೋಟೆಯಲ್ಲಿ ಯಾರನ್ನಾದರೂ ಕೇಳಿ.

ಆರು ವರ್ಷದಿಂದ ವಾಸವಿರುವ ಮನೆಗೆ ಇವತ್ತು ಗೃಹಪ್ರವೇಶ, ಕೇಳಿದವರು ನಗಬೇಕು, ನಕ್ಕೂ ಇದ್ದರು, ಏನ್ ತಮ್ಮಯ್ಯ, ಇಷ್ಟು ದಿನ ಕಿಟಕೀಲಿ ನುಗ್ತಿದ್ಯಾ ಅಂತ ಸ್ಕೂಲಿನ ಮೇಷ್ಟ್ರುಗಳು — ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಅವನು ಅಟೆಂಡರು, ಬೆಲ್ಲು ಹೊಡೆಯುವುದೂ ಅವನೇ, ಬೀಗ ಹಾಕುವುದೂ ಅವನೇ — ಅವರ ಜೊತೆ ತಾನೂ ನಕ್ಕು, ಆಗ ಲೋನಲ್ಲಿ ಕಟ್ಟಿದ್ದು ಸಾ, ಕಾರ್ಯ ಮಾಡಕ್ಕೆ ಕೈಲಾಗ್ಲಿಲ್ಲ ಎಂದಿದ್ದ, ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬೆಳಿಗ್ಗೆ ಹಾಸನದಿಂದ ಬಂದ ಉಪಾಸಕರು ಬುದ್ಧವಂದನೆ ಹೇಳಿಸಿದರು, ಬಾಬಾಸಾಹೇಬರ ಫೋಟೋಗೂ ಬುದ್ಧನಿಗೂ ಹೂವಾಯಿತು, ಅದು ಮುಗಿದದ್ದೇ ತಡ ಅವ್ವ ಲಕ್ಕಮ್ಮ, ನೀವೇನಾರ ಏಳ್ಕಳಿ, ಆಲು ಉಕ್ಸ್ದೆ ಅದ್ಯಾತರ ಒಕ್ಲು ಅಂತ ಪಾತ್ರೆ ಹಿಡಿದುಕೊಂಡು ಎದ್ದಳು, ಸರಿ, ದಿನಾ ಬೆಳಿಗ್ಗೆ ಮಾಯಮ್ಮ ಮರೆತು ಹಾಲು ಉಕ್ಕಿಸಿ ಬೈಸಿಕೊಳ್ಳುವ ಅದೇ ಗ್ಯಾಸಿನ ಒಲೆಯ ಮೇಲೆ ಇವತ್ತು ಶಾಸ್ತ್ರಕ್ಕೆಂದು ಹಾಲು ಉಕ್ಕಿತು, ಅವ್ವನ ಬಲಗೈ ತಲೆಯವರೆಗೆ ಎದ್ದು ಮುಗಿಯಿತು, ಎರಡು ವರ್ಷದ ಹಿಂದೆ ಹಲಗೆಯ ಹಾಗೆ ಬಿದ್ದುಕೊಂಡಿದ್ದ ಕೈ ಅದು, ಲಕ್ವ, ಹಾಸನದ ದೊಡ್ಡಾಸ್ಪತ್ರೆಯಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ದಿನಾ ಆ ಕೈಯನ್ನು ಎತ್ತಿಸಿ ಇಳಿಸಿ, ಎತ್ತಿಸಿ ಇಳಿಸಿ, ಪಕ್ಕದಲ್ಲಿ ಕೂತು ಧನುಶ್ರೀ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು, ಆಗಲೇ ಹುಟ್ಟಿದ್ದು ಈ ಆಸೆ, ನಾನು ಫಿಸಿಯೋಥೆರಪಿ ಓದ್ತೀನಪ್ಪ, ಏನವ್ವ ಹಂಗಂದ್ರೆ, ಅಜ್ಜಿ ಕೈ ಎತ್ಸಿದ್ರಲ್ಲ, ಅದೇ ಕಣಪ್ಪ. ಮಗಳು ಈಗ ಮನೆ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದಾಳೆ, ರೇಷ್ಮೆ ಲಂಗ ಮುದುರಿಕೊಂಡು, ಮೊಬೈಲಿನಲ್ಲಿ ಫೀಸು ಕಟ್ಟುವ ಪುಟ ತೆರೆದುಕೊಂಡು, ಐದು ಗಂಟೆಗೆ ಆ ಪುಟ ಮುಚ್ಚುತ್ತದೆ, ಮುಚ್ಚಿದರೆ ಅವಳ ಸೀಟು ಅವಳ ಹಿಂದಿನ ನಂಬರಿನವರಿಗೆ, ಅವಳು ಹೇಳಿ ಹೇಳಿ ಸಾಕಾಗಿ ಈಗ ಆ ಪುಟವನ್ನೇ ಮತ್ತೆ ಮತ್ತೆ ಹೊಸದಾಗಿ ತೆರೆಯುತ್ತಿದ್ದಾಳೆ, ಅದನ್ನು ನೋಡುವುದೇ ಅವನಿಗೆ ತಡೆಯಲಾಗುತ್ತಿಲ್ಲ.

ಸೀಟು ಬಂದ ಸಂಜೆ ಇದೇ ಮೆಟ್ಟಿಲ ಮೇಲೆ ಅವನನ್ನು ಕೂರಿಸಿಕೊಂಡು ಬೆರಳು ಮಡಚಿ ಮಡಚಿ ತಿಳಿಸಿದ್ದಳು, ನೋಡಪ್ಪ, ಸರ್ಕಾರದ ಕೋಟಾದ ಸೀಟು, ಆದ್ರೆ ಕಾಲೇಜು ಪ್ರೈವೇಟು, ಸರ್ಕಾರ ಗೊತ್ತು ಮಾಡಿರೋ ಫೀಸು ಇಷ್ಟು, ಅದು ಒಂದು, ಯೂನಿವರ್ಸಿಟಿ ನೋಂದಣಿದು ಬೇರೆ, ಲ್ಯಾಬು, ಲೈಬ್ರರಿ, ಬಿಳಿ ಕೋಟು, ಆಸ್ಪತ್ರೆ ತರಬೇತಿ, ಆಮೇಲೆ ಇತರೆ — ಇತರೆ ಅಂದ್ರೆ ಏನವ್ವ — ಇತರೆ ಅಂದ್ರೆ ಇತರೆ ಕಣಪ್ಪ, ಎಂದು ಅವಳಿಗೂ ನಗು ಬಂದಿತ್ತು, ಎಲ್ಲಕ್ಕಿಂತ ದೊಡ್ಡದು ಆ ಇತರೆಯೇ, ಹಾಸ್ಟೆಲ್ ಬ್ಯಾಡ ಬಿಡಿ, ದಿನಾ ಬಸ್ಸಲ್ಲಿ ಹೋಗ್ತೀನಿ, ಹೆಂಗೂ ಹೆಂಗಸರಿಗೆ ಟಿಕೆಟಿಲ್ಲ. ಸ್ಕಾಲರ್‌ಶಿಪ್ಪು ಬರ್ತದಲ್ಲ ನಮ್ಮೋರಿಗೆ ಅಂದ ಅವನು, ಅವಳು ತಲೆಯಾಡಿಸಿದಳು, ಆದಾಯ ಸರ್ಟಿಫಿಕೇಟು ನೋಡಪ್ಪ, ನಿನ್ನ ಸಂಬಳ ಮಿತಿ ದಾಟೈತೆ, ದಾಟೈತಂತೆ, ಸಂಬಳ ದಾಟಿದ್ದು ಕಾಗದದಲ್ಲಿ, ಮನೆ ಲೋನು ಕತ್ತರಿಸಿಕೊಂಡು ಕೈಗೆ ಬರುವುದನ್ನು ಯಾವ ಕಾಗದವೂ ಕೇಳುವುದಿಲ್ಲ, ಕಾಗದದಲ್ಲಿ ತಮ್ಮಯ್ಯ ಸಾಹುಕಾರ. ಸರಿ, ಬ್ಯಾಂಕಿಗೆ ಹೋದರೆ ವಿದ್ಯಾಭ್ಯಾಸದ ಲೋನಿಗೆ ಅಡ್ಮಿಷನ್ ಆದ ಕಾಗದ ತನ್ನಿ ಅಂದರು, ಕಾಲೇಜಿಗೆ ಹೋದರೆ ಮೊದಲ ವರ್ಷದ ಫೀಸು ಕಟ್ಟಿದ ರಸೀತಿ ತೋರಿಸಿದರೆ ತಾನೇ ಅಡ್ಮಿಷನ್ ಕಾಗದ ಅಂದರು, ಇಬ್ಬರೂ ಒಳ್ಳೆಯ ಮಾತಿನಲ್ಲೇ ಹೇಳಿದರು, ಬೇಕಾದ್ರೆ ಮ್ಯಾನೇಜ್‌ಮೆಂಟ್ ಸೀಟಿಗೆ ಆಮೇಲೂ ಬರಬಹುದು ಅಂತ ಕಾಲೇಜಿನ ಗುಮಾಸ್ತ ಸೇರಿಸಿದ, ಆ ಸೀಟಿನ ರೇಟು ಕೇಳುವ ಧೈರ್ಯವೂ ಆಗಲಿಲ್ಲ, ಒಂದು ವರ್ಷ, ಮೊದಲ ವರ್ಷವೊಂದು ದಾಟಿದರೆ ಮುಂದಿನದಕ್ಕೆ ಬ್ಯಾಂಕಿದೆ, ಆ ಒಂದು ವರ್ಷಕ್ಕೇ ದಾರಿಯಿಲ್ಲ, ಮಾಯಮ್ಮನ ಓಲೆ ಈ ಮನೆಯ ತಾರಸಿಗೆ ಹೋಗಿ ಎಷ್ಟೋ ಕಾಲವಾಯಿತು, ಹೆಂಗಸರ ಸಂಘದಲ್ಲಿ ತೆಗೆದ ಸಾಲವೇ ತೀರಿಲ್ಲ. ಆ ಹೊತ್ತಿಗೆ ಅವನಿಗೆ ಹೊಳೆದದ್ದು, ಅಲ್ಲ ಕಣೇ, ನನ್ನ ದುಡ್ಡು ಊರೆಲ್ಲಾ ಐತಲ್ಲ.

ಐತೆ ಕಣಿ, ಊರೆಲ್ಲಾ ಐತೆ, ಓದಿಗೆ ಅಂತ ಯಾವೋನು ಮುಯ್ಯಿ ಹಾಕ್ತಾನೆ ಹೇಳಿ ನೋಡವ, ಅಂದಿದ್ದಳು ಮಾಯಮ್ಮ. ಅವಳು ಹೇಳಿದ್ದು ಸರಿ, ಮುಯ್ಯಿ ಸಾಲವಲ್ಲ, ಬಾಯಿಬಿಟ್ಟು ಕೇಳುವಂತಿಲ್ಲ, ಇನ್ನೊಬ್ಬರ ಕೈಯಲ್ಲಿ ಕಳಿಸುವಂತಿಲ್ಲ, ಹಾಕಿದವನ ಮನೆಯಲ್ಲಿ ಒಂದು ಶುಭಕಾರ್ಯ ಆಗಬೇಕು, ಹಾಕಿಸಿಕೊಂಡವನು ನಡೆದು ಬರಬೇಕು, ಪಂಕ್ತಿಯಲ್ಲಿ ಕೂತು ಉಣ್ಣಬೇಕು, ಕೈ ತೊಳೆದು ತನಗೆ ಬಂದದ್ದರ ಮೇಲೆ ಒಂದಿಷ್ಟು ಸೇರಿಸಿ ಹಾಕಿ ಹೋಗಬೇಕು, ಮದುವೆ, ಆರತಿ, ಒಕ್ಕಲು, ಇಷ್ಟೇ ಬಾಗಿಲು ಅದಕ್ಕೆ, ಮಗಳು ರ‍್ಯಾಂಕು ತಂದಳು ಎಂದರೆ ಜನ ಪೇಡ ತಿಂದು ಹೋಗುತ್ತಾರೆ. ಮದುವೆ ಮಾಡುವ ಹಾಗಿಲ್ಲ, ಮದುವೆ ತಪ್ಪಿಸಲೆಂದೇ ಈ ಓದು. ಉಳಿದದ್ದು ಒಕ್ಕಲು, ಗೃಹಪ್ರವೇಶ. ಅಷ್ಟರಲ್ಲಿ ಆಷಾಢ ಹೊಕ್ಕಿತು, ಬುದ್ಧನಿಗೆ ಆಷಾಢದ ಹುಣ್ಣಿಮೆ ಒಳ್ಳೆಯದೇ, ಮುಯ್ಯಿ ಹಾಕುವವರಿಗೆ ಆಗಿಬರಬೇಕಲ್ಲ, ಆಷಾಡ್ದಲ್ಲಿ ಯಾರ್ಲಾ ಬತ್ತಾರೆ ಅಂತ ಅವ್ವನೇ ಬೈದಳು, ಸರ್ಕಾರದ ಕೌನ್ಸೆಲಿಂಗಿನವರು ಯಾವ ಪಂಚಾಂಗವನ್ನೂ ನೋಡುವುದಿಲ್ಲ, ಒಂದು ಸಲ ಕೊನೆಯ ದಿನ ಮುಂದಕ್ಕೆ ಹೋಯಿತು, ಎರಡನೇ ಸಲ ಹೋಗಲಿಲ್ಲ, ಶ್ರಾವಣ ಹುಟ್ಟಿದ ಮೊದಲ ಶನಿವಾರವೇ ಕಾರ್ಯ, ಅದೇ ಶನಿವಾರವೇ ಫೀಸಿಗೆ ಕೊನೆ, ಕ್ಯಾಲೆಂಡರಿನಲ್ಲಿ ಅದು ತಿಂಗಳ ಎರಡನೇ ಶನಿವಾರ ಬೇರೆ, ಬ್ಯಾಂಕಿನ ಬಾಗಿಲಿಲ್ಲ. ಪೆಂಡಾಲಿನ ದುಡ್ಡಲ್ಲಿ ಪುಸ್ತಕ ಬತ್ತಿದ್ವು ಅಂತ ಗೊಣಗುತ್ತಲೇ ಮಾಯಮ್ಮ ಕರೆಯೋಲೆಯ ಕಾರ್ಡುಗಳಿಗೆ ಅರಿಶಿನ ಕುಂಕುಮ ಹಚ್ಚಿದಳು, ಅಡಿಗೆಯವರ ವಿಷಯದಲ್ಲಿ ಮಾತ್ರ ಅವಳು ಗೊಣಗಲಿಲ್ಲ, ಒಂದು ನೋಟ ನೋಡಿದಳು, ಅಷ್ಟೆ. ಚನ್ನರಾಯಪಟ್ಟಣದಿಂದ ಕರೆಸಿದ್ದ ಅವನು, ಎಲ್ಲ ಜಾತಿಯ ಮನೆಗಳಿಗೂ ಅಡಿಗೆ ಮಾಡುವವರನ್ನೇ ಹುಡುಕಿ, ನಮ್ಮ ಹೆಂಗಸರು ಸೌಟು ಮುಟ್ಟುವುದು ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅವರಿಗೂ ಒಂದು ದಿನ ಬಿಡುವಾಗಲಿ ಎಂದ, ಯಾರೂ ಊಟದ ನೆಪ ಹೇಳಬಾರದು, ಮುಖ್ಯವಾಗಿ ಒಬ್ಬರು ಹೇಳಬಾರದು.

ಆ ಒಬ್ಬರ ಮನೆಯಲ್ಲಿ ಇರುವುದೇ ಅವನು ಹಾಕಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಮುಯ್ಯಿ. ಧನುಶ್ರೀ ಇನ್ನೂ ಹುಟ್ಟಿರಲಿಲ್ಲ, ಕೆಲಸ ಕಾಯಂ ಆಗಿ ಹಿಂಬಾಕಿ ಒಟ್ಟಿಗೇ ಬಂದಿತ್ತು, ಅದೇ ವಾರ ದೊಡ್ಡಮನೆ ತಿಮ್ಮಪ್ಪನವರ ಮಗ ಕಾಂತರಾಜುವಿನ ಮದುವೆ, ಹೊಳೆನರಸೀಪುರದ ಕಲ್ಯಾಣ ಮಂಟಪದಲ್ಲಿ, ಮುಯ್ಯಿ ಹಾಕಿದವರ ಹೆಸರು ಮೈಕಿನಲ್ಲಿ ಕೂಗುತ್ತಿದ್ದರು, ಇಂಥವರಿಂದ ಐವತ್ತೊಂದು, ಇಂಥವರಿಂದ ನೂರ ಒಂದು, ತಮ್ಮಯ್ಯ ಹೋಗಿ ಹಿಂಬಾಕಿಯ ಹತ್ತು ಸಾವಿರವನ್ನು ಹಾಗೆಯೇ ಟೇಬಲ್ಲಿನ ಮೇಲಿಟ್ಟ, ಬರೆದುಕೊಳ್ಳುವವನು ಮುಖವೆತ್ತಿ ನೋಡಿ, ಮೈಕಿನವನ ಕಿವಿಯಲ್ಲಿ ಏನೋ ಅಂದು — ಹಳೇಕೋಟೆ ತಮ್ಮಯ್ಯನವರಿಂದ. ತಮ್ಮಯ್ಯ ಅಲ್ಲ, ತಮ್ಮಯ್ಯನವರು. ಮಂಟಪದ ನಾಲ್ಕು ಮೂಲೆಯ ಸ್ಪೀಕರಿನಲ್ಲೂ ತಮ್ಮಯ್ಯನವರು, ಆ ಕ್ಷಣದ ಸುಖಕ್ಕೆ ಅವನಿಗೆ ಈಗಲೂ ಮೈ ಜುಮ್ಮೆನ್ನುತ್ತದೆ, ಅವತ್ತು ಮನೆಗೆ ಬಂದಾಗ ಮಾಯಮ್ಮ ಮೂರು ದಿನ ಮಾತು ಬಿಟ್ಟಿದ್ದಳು, ಬಿಡಲಿ, ಅವಳಿಗೇನು ಗೊತ್ತು. ಆಮೇಲೆ ಧನುಶ್ರೀ ದೊಡ್ಡವಳಾದಾಗ ಆರತಿಗೆ ಕರೆದರೆ ಆ ಮನೆಯಿಂದ ಆಳಿನ ಕೈಲಿ ಒಂದು ಮೂಟೆ ತೆಂಗಿನಕಾಯಿ ಬಂತು, ಜನ ಬರಲಿಲ್ಲ, ಕಾಯಿ ಕೊಟ್ಟದ್ದು ಸಂತೋಷವೇ, ಅದು ಮುಯ್ಯಿಯಲ್ಲ. ಹದಿನೈದು ದಿನದ ಹಿಂದೆ ಕಾರ್ಡು ಕೊಡಲು ಹೋದರೆ ಜಗಲಿಯಲ್ಲಿ ಕುರ್ಚಿ ಹಾಕಿಸಿದ ಕಾಂತರಾಜು, ಪೇಪರ್ ಕಪ್ಪಿನಲ್ಲಿ ಕಾಫಿ, ಈಗ ಎಲ್ಲರಿಗೂ ಪೇಪರ್ ಕಪ್ಪೇ, ಎಲ್ಲರಿಗೂ ಅನುಕೂಲ, ಬತ್ತೀನಿ ಕಣಯ್ಯ ತಮ್ಮಯ್ಯ, ನಿಂದೊಂದು ಮುಯ್ಯಿ ನನ್ ತಲೆ ಮೇಲೆ ಐತೆ, ಮರ್ತಿಲ್ಲ ಅಂದ, ಮಗಳಿಗೆ ಯಾತ್ರ ಸೀಟು ಬಂತು ಅಂತಲೂ ಕೇಳಿದ, ನಮ್ಮ ಧನ್ಯಾಗೂ ಮೈಸೂರಲ್ಲಿ ಮ್ಯಾನೇಜ್‌ಮೆಂಟಲ್ಲಿ ತಗೊಂಡೆ ಕಣಯ್ಯ, ಓದೋದೂ ಒಂದು ವ್ಯಾಪಾರ ಆಗ್ಬುಟ್ಟೈತೆ ಅಂತ ತನ್ನ ಕಷ್ಟವನ್ನೂ ತೋಡಿಕೊಂಡ, ಒಳ್ಳೆಯವನೇ, ಅವರಪ್ಪನ ಹಾಗಲ್ಲ.

ಅವರಪ್ಪನ ಕಾಲಕ್ಕೆ ಜಗಲಿಯವರೆಗೂ ಹೋಗುವಂತಿರಲಿಲ್ಲ, ಕೊಟ್ಟಿಗೆಯ ಮುಂದೆ ಒಂದು ಕಲ್ಲು, ಬಟ್ಟೆ ಒಗೆಯುವ ಕಲ್ಲಿನಷ್ಟಗಲ, ಕೊಡುವುದೆಲ್ಲ ಅದರ ಮೇಲೆ, ಹಬ್ಬದ ಕಜ್ಜಾಯ ಅದರ ಮೇಲೆ, ಕೂಲಿ ಅದರ ಮೇಲೆ, ತಮ್ಮಯ್ಯನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫೀಸೂ ಅದರ ಮೇಲೆ. ಅಪ್ಪ ಬಗ್ಗಿ ನಿಂತು, ಮಗ ಓದ್ತಾವ್ನೆ ಬುದ್ದಿ, ಫೀಜು ಕಟ್ಬೇಕಂತೆ ಬುದ್ದಿ ಎಂದ, ತಿಮ್ಮಪ್ಪನವರು ಇಲ್ಲವೆನ್ನಲಿಲ್ಲ, ಒಳಗಿಂದ ತಂದರು, ನೋಟನ್ನು ಕಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು, ತಗೊಳ್ಲಾ, ಚೆನ್ನಾಗಿ ಓದ್ಕೊ ಅಂದರು, ಹಿಂದಿನಿಂದ ಅವರ ಹೆಂಡತಿ ಕಾಮಾಕ್ಷಮ್ಮ, ಕಲ್ಲ್ ಮುಟ್ಬ್ಯಾಡ ಕಣ್ಲಾ, ಈಗಿನ್ನೂ ತೊಳ್ದಿವ್ನಿ ಅಂದರು, ಬೈಯುವ ದನಿಯಲ್ಲೂ ಅಲ್ಲ, ಒಗೆದ ಬಟ್ಟೆ ಮುಟ್ಟಬೇಡ ಅನ್ನುವ ಹಾಗೆ. ನೋಟು ಅಂಗಾತ ಬಿದ್ದಿತ್ತು, ಅಂಗಾತ ಬಿದ್ದ ನೋಟನ್ನು ಕಲ್ಲು ಮುಟ್ಟದ ಹಾಗೆ ಎತ್ತಿಕೊಳ್ಳುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ, ಅಪ್ಪ ತೋರಿಸಿಕೊಟ್ಟ, ಬೆರಳು ಕೂಡಿಸಿ, ಉಗುರಿನ ತುದಿಯಲ್ಲಿ ಒಂದು ಅಂಚು ಎಬ್ಬಿಸಿ, ಚಿವುಟಿದ ಹಾಗೆ ಮೇಲಕ್ಕೆ, ಅಪ್ಪನಿಗೆ ಅದು ಎಷ್ಟು ಸಲೀಸಾಗಿ ಬರುತ್ತಿತ್ತು, ಜೀವಮಾನವೆಲ್ಲ ಮಾಡಿದ ಕೆಲಸದ ನಯ ಅದರಲ್ಲಿ, ಆ ನಯ ನೋಡಿದ ಹುಡುಗ ಮನೆಯವರೆಗೂ ಅಪ್ಪನಿಂದ ಹತ್ತು ಹೆಜ್ಜೆ ಹಿಂದೆಯೇ ನಡೆದಿದ್ದ. ಆ ಫೀಸಿನಲ್ಲೇ ಪಾಸಾದದ್ದು, ಆ ಪಾಸಿನಲ್ಲೇ ಅಟೆಂಡರು ಕೆಲಸ, ಆ ಕೆಲಸದಲ್ಲೇ ಈ ಮನೆ, ಸುಳ್ಳು ಹೇಳಬಾರದು. ಆದರೆ ಮಗಳು ಹುಟ್ಟಿದ ದಿನ ಅವಳ ಬೊಗಸೆ ಹಿಡಿದು ಮನಸ್ಸಿನಲ್ಲೇ ಅಂದುಕೊಂಡಿದ್ದ, ಈ ಕೈ ಯಾವ ಕಲ್ಲಿನ ಮೇಲಿಂದಲೂ ಏನನ್ನೂ ಎತ್ತಿಕೊಳ್ಳಬಾರದು, ಯಾರಿಗೂ ಹೇಳಿರಲಿಲ್ಲ, ಮಾಯಮ್ಮನಿಗೂ, ಹೇಳಿದ್ದರೆ ಹತ್ತು ಸಾವಿರದ ಸಿಟ್ಟು ಅವಳಿಗೆ ಅರ್ಥವಾಗುತ್ತಿತ್ತೇನೋ, ಬೇಡ, ಈಗ ಅದೆಲ್ಲ ಯಾಕೆ, ಗೇಟು ಕಿರ್ರೆಂದಿತು, ಯಾರು, ಪಕ್ಕದ ಮನೆಯವರು, ಹೋಗುತ್ತಿರುವವರು, ಬರುವವರಲ್ಲ.

ಭಾವ ಬನ್ನಿ ಇತ್ಲಾಗೆ, ಎಂದು ಟೇಬಲ್ಲಿನಿಂದ ಬೈರಯ್ಯ ಕರೆದ — ಮಾಯಮ್ಮನ ತಮ್ಮ, ಬೆಳಗಿನಿಂದ ಮೈಕು ಹಿಡಿದು ಹಿಡಿದು ಗಂಟಲು ಕಟ್ಟಿದೆ — ಇನ್ನೂ ಇಪ್ಪತ್ತು ಸಾವಿರದಷ್ಟು ಕಮ್ಮಿ ಬತ್ತೈತೆ ಭಾವ, ಎಂದ ದನಿ ತಗ್ಗಿಸಿ, ಕಂಪ್ಯೂಟರ್ ಸೆಂಟರಿನ ಸಿದ್ದೇಶ ಪಕ್ಕದಲ್ಲೇ ಕೂತಿದ್ದಾನೆ, ಬೆಳಗಿನಿಂದ ಬಂದ ನೋಟನ್ನೆಲ್ಲ ಇವನ ಕೈಗೆ ಕೊಟ್ಟರೆ ಅಷ್ಟನ್ನು ಮೊಬೈಲಿನಲ್ಲಿ ಕಾಲೇಜಿಗೆ ಕಳಿಸುತ್ತಾನೆ, ನೋಟು ಕೊಟ್ಟಷ್ಟು ಕಳುಸ್ತೀನಿ ತಮ್ಮಯ್ಯಣ್ಣ, ನನ್ ಅಕೌಂಟಲ್ಲಿರೋದು ಜನರ ಕರೆಂಟ್ ಬಿಲ್ಲು, ಅದರ ಮೇಲೆ ಕೈಯಿಟ್ರೆ ಸೋಮವಾರ ನಾನ್ ಸಿಕ್ಕಾಕ್ಕೋತೀನಿ, ತಪ್ಪು ತಿಳ್ಕೋಬ್ಯಾಡ ಅಂತ ಬೆಳಿಗ್ಗೆಯೇ ಹೇಳಿದ್ದಾನೆ, ತಪ್ಪು ತಿಳಿಯುವುದೇನಿದೆ, ಅವನದೇ ಎರಡು ಸಾವಿರದ ಮುಯ್ಯಿಯೂ ಅದರಲ್ಲಿದೆ. ಯಾರನ್ನು ಕೇಳುವುದು, ಉಂಡು ಕೈ ತೊಳೆದು ಮುಯ್ಯಿ ಹಾಕಿದವರ ಹತ್ತಿರವೇ ಮತ್ತೆ ಕೈಗಡ ಕೇಳುವುದೆ, ಎಲ್ಲರೂ ಹಾಕುವಷ್ಟು ಹಾಕಿದ್ದಾರೆ, ತಾನು ಹಾಕಿದ ಇನ್ನೂರು ಐನೂರಾಗಿ ಬಂದಿದೆ, ಐನೂರು ಸಾವಿರವಾಗಿ ಬಂದಿದೆ, ಮುಯ್ಯಿ ಬೆಳೆಯುವುದಕ್ಕೂ ಫೀಸು ಬೆಳೆಯುವುದಕ್ಕೂ ಎಲ್ಲಿಯ ಹೋಲಿಕೆ. ಪಂಕ್ತಿಯ ತಲೆಯಲ್ಲಿ ಒಂದು ಎಲೆ ಹಾಕಿಸಿ, ನೀರು ಚಿಮುಕಿಸಿ, ಯಾರೂ ಕೂರದ ಹಾಗೆ ಕಾಯ್ದಿರಿಸಿದ್ದಾನೆ ಮಧ್ಯಾಹ್ನದಿಂದ, ಬಡಿಸುವವರು ಎರಡು ಸಲ ಕೇಳಿದರು, ಇನ್ನೂ ಬರೋರವ್ರಾ ಅಂತ, ಅವ್ರೆ ಅಂದ. ಅವ್ರೆ, ಬರುತ್ತಾರೆ, ಒಳಗೆ ಬರುತ್ತಾರೆ, ಕೂರುತ್ತಾರೆ, ಬೈರಯ್ಯ ಮೈಕಿನಲ್ಲಿ ಕೂಗುತ್ತಾನೆ, ಫೀಸೂ ಆಗುತ್ತದೆ, ಅದೂ ಆಗುತ್ತದೆ, ಎರಡೂ ಒಟ್ಟಿಗೇ ಆಗಿಬಿಟ್ಟರೆ — ಅಪ್ಪ, ಟೈಮು, ಎಂದಳು ಧನುಶ್ರೀ, ಮೆಟ್ಟಿಲಿಂದಲೇ, ಅಷ್ಟೇ ಅಂದಳು.

ಕಾರು. ಬಿಳಿಯದು, ಹೊಂಗೆ ಮರದ ಹತ್ತಿರ ನಿಧಾನವಾಗಿ, ಎಂಜಿನ್ ಆರಿಸಲಿಲ್ಲ ಯಾಕೆ, ಆರಿಸುತ್ತಾನೆ, ಬಾಗಿಲು ತೆರೆಯಿತು, ಇಳಿದ, ಬಿಳಿ ಪಂಚೆ, ಕೈಯಲ್ಲಿ ಕವರು, ಮೂಲೆಯಲ್ಲಿ ಒಂದು ರೂಪಾಯಿ, ದಪ್ಪಗಿದೆ ಕವರು, ದಪ್ಪಗಿದೆ, ತಮ್ಮಯ್ಯನ ಕಾಲು ಓಡಿತೋ ನಡೆಯಿತೋ, ಪೆಂಡಾಲಿನಲ್ಲಿ ಮಾತು ನಿಂತದ್ದು ಬೆನ್ನಿಗೆ ತಿಳಿಯಿತು, ಗೇಟಿನ ಎರಡು ಬಾಗಿಲನ್ನೂ ಒಳಕ್ಕೆಳೆದು ಎರಡು ಕೈಯಲ್ಲೂ ಹಿಡಿದು ನಿಂತ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ ದರಿದ್ರ ಗೇಟು, ಬನ್ನಿ ಕಾಂತರಾಜಣ್ಣ, ಒಳಿಕ್ಕೆ ಬನ್ನಿ. ಬುದ್ದಿ ಎನ್ನಲಿಲ್ಲ, ಗಂಟಲವರೆಗೆ ಬಂದಿತ್ತು, ನುಂಗಿದ. ಕಾಂತರಾಜು ಗೇಟಿನ ಗೆರೆಯ ಆಚೆಯೇ ನಿಂತು ಕವರು ಚಾಚಿದ, ತಗೊಳಯ್ಯ, ಒಳ್ಳೇದಾಗ್ಲಿ, ಅರಕಲಗೂಡಲ್ಲಿ ಒಂದು ಮಾತುಕತೆ ಐತೆ, ಕಾಯ್ತಾ ಕೂತವ್ರೆ. ಒಂದ್ಗಳಿಗೆ ಅಣ್ಣ, ಎಲೆ ಹಾಕೈತೆ. ಊಟ ಆಗೈತೆ ಕಣಯ್ಯ. ಪಾಯ್ಸ ಆದ್ರೂ ಕುಡುದ್ಬುಟ್ಟು ಓಗಿ, ಚನ್ನರಾಯಪಟ್ಟಣದ ಅಡಿಗೆಯವ್ರು ಮಾಡಿರೋದು — ಅಯ್ಯೋ, ಅಂದೇಬಿಟ್ಟೆನೆ, ಎಲ್ಲರ ಕಿವಿಗೂ ಬೀಳುವ ಹಾಗೆ, ಮಾಯಮ್ಮನ ಕಿವಿಗೂ, ನಮ್ಮವರ ಕೈ ಸೋಕಿಲ್ಲ ಎಂದು ನನ್ನ ಬಾಯಿಂದಲೇ. ಕಾಂತರಾಜುವಿನ ಮುಖ ಕೆಂಪಾಯಿತು, ಅಯ್ಯೋ ಅಂಗೇನಿಲ್ಲ ಕಣಯ್ಯ, ಎಂಥ ಮಾತಾಡ್ತೀಯ, ಇನ್ನೊಂದಿನ ಬತ್ತೀನಿ, ಇಡ್ಕೊ ಮೊದ್ಲು, ಕೈ ಚಾಚಿಯೇ ಇದೆ, ಕೈಯಿಂದ ಕೈಗೆ ಕೊಡಲು ಚಾಚಿದ ಕೈ, ಇವನು ತನ್ನ ಕೈ ಒಂದನ್ನು ಬಿಟ್ಟರೆ ಸಾಕು, ಒಂದು ಬಾಗಿಲು ಮುಚ್ಚಿಕೊಳ್ಳುತ್ತದೆ, ಮುಚ್ಚಿಕೊಳ್ಳಲಿ, ಬಿಡು ತಮ್ಮಯ್ಯ, ಬಿಡು, ಮಗಳು ನೋಡುತ್ತಿದ್ದಾಳೆ, ಬಿಡಬೇಡ, ಮಗಳು ನೋಡುತ್ತಿದ್ದಾಳೆ, ಒಂದು ಹೆಜ್ಜೆ, ಒಂದೇ ಹೆಜ್ಜೆ ಒಳಗಿಟ್ಟು ಕೊಡಲಿ, ಎಲೆಯೂ ಬೇಡ, ಹೆಜ್ಜೆ ಸಾಕು, ಅವನ ಎರಡು ಕೈಯೂ ಕಬ್ಬಿಣಕ್ಕೆ ಬೆಸುಗೆ ಹಾಕಿದ ಹಾಗೆ ಇದ್ದವು. ಕಾಂತರಾಜು ಅವನ ಎಡಗೈ ನೋಡಿದ, ಬಲಗೈ ನೋಡಿದ, ಕಾರಿನ ಕಡೆ ನೋಡಿದ, ಕೋಪವಿರಲಿಲ್ಲ ಅವನ ಮುಖದಲ್ಲಿ, ಗಡಿಬಿಡಿಯಿತ್ತು, ಸರಿ ಮತ್ತೆ, ಇಲ್ಲೇ ಇಟ್ಟಿರ್ತೀನಿ, ಮಗಳು ಚೆನ್ನಾಗಿ ಓದ್ಲಿ ಎಂದ, ಕವರನ್ನು ಕಂಬದ ಮೇಲಿನ ಕಪ್ಪು ಕಲ್ಲಿನ ಮೇಲಿಟ್ಟ, ಎರಡು ಹೆಜ್ಜೆ ಹಿಂದೆ ಸರಿದ, ಕಾರಿನ ಬಾಗಿಲು ಮುಚ್ಚಿಕೊಂಡಿತು.

ಕಲ್ಲಿನ ಮೇಲೆ ಕವರು. ಎಲೆಗಳ ಸಂದಿಯಿಂದ ಬಿಸಿಲಿನ ಒಂದು ಚೂರು ಬಿದ್ದು ನಾಣ್ಯ ಫಳಕ್ಕೆನ್ನುತ್ತದೆ, ಗಾಳಿಗೆ ಎಲೆ ಅಲ್ಲಾಡಿದರೆ ಆರುತ್ತದೆ, ಮತ್ತೆ ಫಳಕ್ಕೆನ್ನುತ್ತದೆ, ಮೈಕಿನಲ್ಲಿ ಬೈರಯ್ಯನ ಉಸಿರು ಮಾತ್ರ ಕೇಳುತ್ತಿದೆ, ಎತ್ತಿಕೊಳ್ಳಬೇಕು, ಎತ್ತಿಕೊಂಡರೆ ಮುಗಿಯಿತು, ಕಲ್ಲಿನ ಮೇಲೆ ಇಡಿಸಿದ್ದು ಯಾರು, ಅವನು ಕೈಗೇ ಕೊಡಲು ಬಂದಿದ್ದ, ಕೈ ಚಾಚದೆ ನಿಂತವನು ತಾನು, ಈ ಕಲ್ಲನ್ನು ಇಲ್ಲಿ ಕೂರಿಸಿದವನೂ ತಾನು, ಲಕ್ಷಣವಾಗಿರ್ತದೆ ಅಂತ, ಎತ್ತಿಕೊಳ್ಳಬೇಕು, ಮೈ ಅಲ್ಲಾಡುತ್ತಿಲ್ಲ. ಗೆಜ್ಜೆಯ ಸದ್ದು. ಧನುಶ್ರೀ, ಬರಿಗಾಲಲ್ಲಿ, ಲಂಗ ಎತ್ತಿ ಹಿಡಿದು ಪೆಂಡಾಲು ದಾಟಿ ಬಂದಳು, ಅವನ ಪಕ್ಕಕ್ಕೆ ಬಂದು ಕಂಬದ ಕಡೆ ಕೈ ಚಾಚಿದಳು, ಬ್ಯಾಡ ಕಣವ್ವ ಎಂದನೋ, ಎಂದುಕೊಂಡನೋ, ನಮ್ ದುಡ್ಡೇ ಅಲ್ವೇನಪ್ಪ, ಎಂದಳು ಅವಳು ಮೆತ್ತಗೆ, ಬೆರಳು ಕೂಡಿಸಿ, ಉಗುರಿನ ತುದಿಯಲ್ಲಿ ಕವರಿನ ಒಂದು ಅಂಚು ಎಬ್ಬಿಸಿ, ಚಿವುಟಿದ ಹಾಗೆ ಮೇಲಕ್ಕೆ. ಆಮೇಲೆ ಎಲ್ಲ ಒಟ್ಟಿಗೇ ಆಯಿತು, ಸಿದ್ದೇಶ ಕವರು ಹರಿದ, ಇಪ್ಪತ್ತೈದು ಸಾವಿರ ಐತೆ ಕಣಣ್ಣ ಎಂದ, ಕೊಡುವುದರಲ್ಲಿ ಕಡಿಮೆ ಮಾಡುವ ಮನೆಯಲ್ಲ ಅದು, ಮೊಬೈಲು ಟಿಂಗ್ ಎಂದಿತು, ಆಯ್ತು, ಕಟ್ಟಾಯ್ತು, ರಸೀತಿ ಬಂತು ಎಂದು ಯಾರೋ ಕೂಗಿದರು, ಅವ್ವ ವಾಸಿಯಾದ ಕೈಯಿಂದ ಮೊಮ್ಮಗಳ ನೆಟಿಗೆ ತೆಗೆದಳು, ಮಾಯಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು, ಬೈರಯ್ಯ ಕಟ್ಟಿದ ಗಂಟಲಲ್ಲೇ ಮೈಕಿನಲ್ಲಿ ಕೂಗಿದ, ಹಳೇಕೋಟೆ ಕಾಂತರಾಜು ಅವರಿಂದ, ಜನ ಚಪ್ಪಾಳೆ ತಟ್ಟಿದರು, ಸೀಟು ಉಳಿಯಿತು, ಮಗಳ ಸೀಟು ಉಳಿಯಿತು, ಖುಷಿಯಾಗಬೇಕು, ಆಗಿದೆ, ಆಗಿಲ್ಲವೆ, ಆಗಿದೆ.

ಆದರೆ ಉಗುರಿನ ತುದಿಯಲ್ಲಿ ಯಾಕೆ. ಯಾರು ಕಲಿಸಿದರು ಅವಳಿಗೆ, ತಾತನನ್ನು ಅವಳು ನೋಡೇ ಇಲ್ಲ, ತಾನು ಎಂದೂ ಹೇಳಿಲ್ಲ, ತೋರಿಸಿಲ್ಲ, ಕೊಟ್ಟಿಗೆಯ ಮುಂದಿನ ಆ ಕಲ್ಲನ್ನೇ ಕಿತ್ತು ಹಾಕಿ ಯಾವ ಕಾಲವಾಯಿತು, ಬೇರೆ ಏನೂ ಇರಲಾರದು, ಕಲ್ಲು ಕಾದಿರಬೇಕು, ಅದಕ್ಕೆ, ಅಷ್ಟೇ, ಕಪ್ಪು ಕಲ್ಲು ಬಿಸಿಲಿಗೆ ಬೇಗ ಕಾಯುತ್ತದೆ, ಕಾದ ಕಲ್ಲಿನ ಮೇಲಿಂದ ಯಾರೇ ಆಗಲಿ ಹಾಗೆಯೇ ಎತ್ತಿಕೊಳ್ಳುತ್ತಾರೆ, ಬೆರಳು ಕೂಡಿಸಿ, ಉಗುರಿನ ತುದಿಯಲ್ಲಿ, ಸುಡುತ್ತದೆಂದು, ಸುಡುತ್ತದೆಂದೇ. ಇನ್ನೂ ಗೇಟನ್ನೇ ಹಿಡಿದಿದ್ದ ತಮ್ಮಯ್ಯ ಬಲಗೈ ಬಿಟ್ಟ, ಒಂದು ಬಾಗಿಲು ಕಿರ್ರೆಂದು ಮುಚ್ಚಿಕೊಂಡಿತು, ಹೊಂಗೆಯ ನೆರಳಿನಲ್ಲಿ ಕೈ ಮೇಲೆತ್ತಿ ಅಂಗೈಯನ್ನು ಪೂರ್ತಿ ಬಿಡಿಸಿ ಕಂಬದ ಕಲ್ಲಿನ ಮೇಲಿಟ್ಟ, ಉಗುರಿನ ತುದಿಯಲ್ಲಿ ಎತ್ತಿಕೊಂಡಳಲ್ಲ ಅವಳು, ಕಲ್ಲು ಮುಟ್ಟದ ಹಾಗೆ, ಉಗುರಿನ ತುದಿಯಲ್ಲಿ — ಕಲ್ಲು ತಣ್ಣಗಿತ್ತು.